ನೂರಿಪ್ಪತ್ತು ಚದರಡಿಯ ಕೋಣೆ

ಚನ್ನಗಿರಿಯಲ್ಲಿ ಗೊಬ್ಬರದ ಅಂಗಡಿಯೊಂದರ ಮಹಡಿ ಮೇಲೆ ನನ್ನ ಆಫೀಸಿದೆ. ಆಫೀಸು ಎಂದರೆ ಒಂದು ಟೇಬಲ್ಲು, ಒಂದು ಕಂಪ್ಯೂಟರು, ದೊಡ್ಡ ಹಾಳೆ ತೆಗೆಯುವ ಒಂದು ಪ್ರಿಂಟರು, ಬಂದವರಿಗೆ ನಾಲ್ಕಾರು ಪ್ಲಾಸ್ಟಿಕ್ ಕುರ್ಚಿ. ಮನೆ ಕಟ್ಟಿಸುವವರು ನಕ್ಷೆ ಬರೆಸಿಕೊಳ್ಳಲು ನನ್ನ ಹತ್ತಿರ ಬರುತ್ತಾರೆ. ನಾನು ಓದಿದ್ದು ಡಿಪ್ಲೊಮಾ, ಜನ ಕರೆಯುವುದು ಇಂಜಿನಿಯರ್ ಮೇಡಂ. ಮೊದಮೊದಲು ತಿದ್ದುತ್ತಿದ್ದೆ. ತಿದ್ದಿದಷ್ಟೂ ಇವಳಿಗೆ ಎಷ್ಟು ವಿನಯ ನೋಡು ಎಂದುಕೊಳ್ಳುತ್ತಿದ್ದರು, ಹಾಗಾಗಿ ಬಿಟ್ಟುಬಿಟ್ಟೆ.

ಬರುವವರಲ್ಲಿ ಉದ್ದ ಅಗಲ ತರುವವರು ಕಡಿಮೆ, ಚದರಡಿ ತರುವವರೇ ಹೆಚ್ಚು. ಹಾಲ್ ಇನ್ನೂರೈವತ್ತು, ಬೆಡ್‌ರೂಮು ನೂರೈವತ್ತು, ಅಡುಗೆಮನೆ ನೂರು, ದೇವರಿಗೆ ಒಂದು ಇಪ್ಪತ್ತೈದು ಎಂದು ಕಿರಾಣಿ ಸಾಮಾನು ಬರೆಸಿದ ಹಾಗೆ ಹೇಳುತ್ತಾರೆ. ಉದ್ದ ಎಷ್ಟಿರಲಿ, ಅಗಲ ಎಷ್ಟಿರಲಿ ಎಂದು ಕೇಳಿದರೆ, "ಅದು ನಿಮ್ ಕೆಲ್ಸ ಅಲ್ಲೇನ್ರಿ ಮೇಡಂ" ಎನ್ನುತ್ತಾರೆ. ಅದು ನನ್ನ ಕೆಲಸವೇ, ನಿಜ. ಆದರೆ ಆ ಮನೆಯಲ್ಲಿ ಬದುಕುವವರು ಅವರಲ್ಲವೇ ಎಂದು ನನಗೆ ಒಳಗೊಳಗೇ ಸಿಟ್ಟು ಬರುತ್ತದೆ.

ನನ್ನ ತವರು ಜಗಳೂರಿನ ಕಡೆಯ ಹಳ್ಳಿ. ಅಲ್ಲಿ ನನ್ನ ಅಜ್ಜನ ವಯಸ್ಸಿನವರು ಮನೆಯನ್ನು ಅಂಕಣದಲ್ಲಿ ಎಣಿಸುತ್ತಿದ್ದರು. ನಾಲ್ಕು ಕಂಬಗಳ ನಡುವಿನ ಜಾಗ ಒಂದು ಅಂಕಣ. ಒಂಬತ್ತು ಅಂಕಣದ ಮನೆ ಎಂದರೆ ಸಾಕು, ಕೇಳಿದವರ ಕಣ್ಣಿಗೆ ಕಂಬ, ತೊಲೆ, ನಡುಮನೆ ಎಲ್ಲ ಬಂದು ನಿಲ್ಲುತ್ತಿತ್ತು. ಚದರಡಿಗೆ ಆ ಗುಣವಿಲ್ಲ. ನೂರು ಚದರಡಿ ಎಂದರೆ ಅದು ಚೌಕದ ಕೋಣೆಯೂ ಆಗಬಹುದು, ಓಣಿಯೂ ಆಗಬಹುದು.

ನಾನು ಬಳಸುವ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಚದರಡಿಯಿಂದ ಕೋಣೆ ಮಾಡಲು ಸುಲಭದ ದಾರಿಯೊಂದಿದೆ. ಆಯತ ಬರೆಯಲು ಹೇಳಿ, ಒಂದು ಮೂಲೆ ತೋರಿಸಿ, ‘ಏರಿಯಾ’ ಎಂಬುದನ್ನು ಆರಿಸಿಕೊಂಡರೆ ಅದು ಮೊದಲು ವಿಸ್ತೀರ್ಣ ಕೇಳುತ್ತದೆ, ಆಮೇಲೆ ಒಂದು ಬದಿಯ ಅಳತೆ ಕೇಳುತ್ತದೆ. ಇಷ್ಟು ಕೊಟ್ಟರೆ ಇನ್ನೊಂದು ಬದಿಯನ್ನು ತಾನೇ ಲೆಕ್ಕ ಹಾಕಿ ಗೆರೆ ಎಳೆಯುತ್ತದೆ. ಇದು ಗೊತ್ತಾಗುವ ತನಕ ನಾನು ಕ್ಯಾಲ್ಕುಲೇಟರ್ ಒತ್ತಿ ಒತ್ತಿ ಬೆರಳು ಸವೆಸಿದ್ದೆ. ಗೊತ್ತಾದ ದಿನ ಖುಷಿಯಿಂದ ವಿಸ್ತೀರ್ಣ ನೂರು, ಬದಿ ಹತ್ತು ಎಂದು ಕೊಟ್ಟೆ. ಪರದೆಯ ಮೇಲೆ ಏನೂ ಕಾಣಲಿಲ್ಲ. ಹಿಗ್ಗಿಸುತ್ತಾ ಹೋದರೆ ಕೊನೆಗೆ ಸಿಕ್ಕಿದ್ದು ಊಟಕ್ಕೆ ಕೂರುವ ಮಣೆಯಷ್ಟು ಕೋಣೆ. ನನ್ನ ನಕ್ಷೆ ಅಂಗುಲದಲ್ಲಿತ್ತು, ನಾನು ಕೊಟ್ಟಿದ್ದು ಅಡಿಯ ಲೆಕ್ಕ. ಚದರಡಿಯನ್ನು ನೂರ ನಲವತ್ತನಾಲ್ಕರಿಂದ ಗುಣಿಸಿ ಚದರ ಅಂಗುಲ ಮಾಡಿ ಕೊಟ್ಟರೆ ಮಾತ್ರ ಮನುಷ್ಯರು ಇರುವಂಥ ಕೋಣೆ ಬರುತ್ತದೆ ಎಂದು ಅವತ್ತು ಕಲಿತೆ.

ಇನ್ನೊಂದು ಸಂಗತಿಯನ್ನೂ ಕಲಿತೆ. ಈ ಸಾಫ್ಟ್‌ವೇರ್ ಯಾವುದಕ್ಕೂ ಇಲ್ಲ ಎನ್ನುವುದಿಲ್ಲ. ನೂರು ಚದರಡಿ ಬೇಕು, ಒಂದು ಬದಿ ಒಂದೇ ಅಡಿ ಎಂದು ಹೇಳಿ ನೋಡಿ. ಅಡಿ ಅಗಲದ, ನೂರಡಿ ಉದ್ದದ ಬೆಡ್‌ರೂಮನ್ನು ಮರುಮಾತಿಲ್ಲದೆ ಬರೆದುಕೊಡುತ್ತದೆ. ಹಾವು ಮಲಗುವುದಾದರೆ ಅನುಕೂಲ. ಆದ್ದರಿಂದ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಪಾಯ ತೆಗೆಯುವ ಮೊದಲು ಸೈಟಿನಲ್ಲಿ ಎಲ್ಲ ಕೋಣೆಗಳನ್ನೂ ಸುಣ್ಣದ ಪುಡಿಯಲ್ಲಿ ಇದ್ದ ಅಳತೆಗೇ ಗೆರೆ ಹಾಕಿಸಿ, ಬಾಗಿಲು ಬರುವ ಕಡೆ ಗೆರೆ ಹಾಕಿಸದೆ ಜಾಗ ಬಿಟ್ಟು, ಮನೆಯವರನ್ನೆಲ್ಲ ಕರೆದು ಒಂದು ಸಲ ಓಡಾಡಿ ಎನ್ನುತ್ತೇನೆ. ಬಣ್ಣಬಣ್ಣದ ತ್ರೀಡಿ ಚಿತ್ರ ಮಾಡಿ ವಾಟ್ಸಾಪಿನಲ್ಲಿ ಕಳಿಸುವುದು ನನಗೂ ಬರುತ್ತದೆ. ಆದರೆ ಚಿತ್ರದೊಳಗೆ ಕಾಲಿಡಲು ಬರುವುದಿಲ್ಲವಲ್ಲ.

ಗೆರೆಯ ಮೇಲೆ ನಿಂತವರಿಗೆಲ್ಲ ಮೊದಲು ಆಗುವುದು ಗಾಬರಿ. ಬಯಲಿನಲ್ಲಿ ಗೆರೆ ಹಾಕಿದಾಗ ಯಾವ ಮನೆಯೂ ಸಣ್ಣದಾಗಿಯೇ ಕಾಣುತ್ತದೆ. ಗೋಡೆ ಏಳುತ್ತಾ ದೊಡ್ಡದಾಗುತ್ತದೆ. ಇದನ್ನು ಹೇಳಿ ಸಮಾಧಾನ ಮಾಡಿದ ಮೇಲೆ ಅವರ ಆಟ ಶುರು. ಹೊನ್ನಾಳಿಯಲ್ಲಿ ಒಬ್ಬ ಯಜಮಾನರು ತಮ್ಮ ಬೆಡ್‌ರೂಮಿನ ಗೆರೆಯೊಳಗೆ ಟವೆಲು ಹಾಸಿ ಮಲಗಿ, ಕಾಲು ಚಾಚಿ, ಎರಡೂ ಮಗ್ಗುಲಿಗೆ ಹೊರಳಿ ನೋಡಿ, ಆಮೇಲೆಯೇ ಒಪ್ಪಿದ್ದು. ಸಂತೇಬೆನ್ನೂರಿನಲ್ಲಿ ಒಬ್ಬ ತಾಯಿ ಅಡುಗೆಮನೆಯ ಮೂಲೆಯಲ್ಲಿ ಕುಳಿತು ಹಿಟ್ಟು ನಾದುವ ಮರದ ಕೊಮ್ಮರಿಗೆ ಮುಂದಿದೆ ಎಂಬಂತೆ ರೊಟ್ಟಿ ಬಡಿದು, ಮೊಣಕೈ ಗೋಡೆಗೆ ತಾಗುತ್ತದೆ ಎಂದು ಗೆರೆಯನ್ನು ಗೇಣುದ್ದ ಸರಿಸಿದರು. ಗೆರೆ ಹಾಕಿದ ಮೇಲೆ ದೊಡ್ಡವರೂ ಬಾಗಿಲು ಬಿಟ್ಟ ಜಾಗದಿಂದಲೇ ಒಳಗೆ ಬಂದು ಹೋಗುತ್ತಾರೆ. ಯಾರೂ ಗೆರೆ ದಾಟುವುದಿಲ್ಲ. ನನಗೆ ನನ್ನ ಕೆಲಸದಲ್ಲಿ ಅತಿ ಇಷ್ಟದ ಹೊತ್ತು ಅದೇ.

ನಾನು ಹೇಳಹೊರಟಿರುವುದು ನ್ಯಾಮತಿಯ ಒಂದು ಮನೆಯ ವಿಷಯ. ಅದರ ಯಜಮಾನರು ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಾರೆ. ನನ್ನ ಆಫೀಸಿಗೆ ಬಂದಾಗ ರೆಪ್ಪೆಯ ಮೇಲೂ ಹಿಟ್ಟಿತ್ತು. ಕುರ್ಚಿಯಲ್ಲಿ ಕೂರುವ ಮೊದಲು ಹಿಂದೆ ಮುಂದೆ ಕೊಡವಿಕೊಂಡು, ನನ್ನ ಕಂಪ್ಯೂಟರಿಗೆ ಧೂಳಾದೀತೆಂದು ಕುರ್ಚಿಯನ್ನು ಅಷ್ಟು ದೂರ ಎಳೆದುಕೊಂಡು ಕುಳಿತರು. ಆ ಒಂದು ನಡತೆಗೇ ಮನುಷ್ಯ ನನಗೆ ಹಿಡಿಸಿಬಿಟ್ಟರು.

"ಮೇಡಂ, ಉಳಿದಿದ್ದೆಲ್ಲ ನಿಮ್ಗೆ ತಿಳ್ದಂಗೆ ಮಾಡ್ರಿ. ಒಂದು ರೂಮು ಮಾತ್ರ ನೂರಿಪ್ಪತ್ತು ಅಡಿ ಇರ್ಬೇಕು. ಒಂದಡೀನೂ ಕಮ್ಮಿ ಆಗಂಗಿಲ್ಲ" ಎಂದರು.

"ಯಾರ ರೂಮ್ರಿ ಅದು?"

"ನಮ್ಮಕ್ಕಂದು."

ವಿಷಯ ಇಷ್ಟು. ಇವರ ಅಕ್ಕನಿಗೆ ಮದುವೆಯಾಗಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರಿಬ್ಬರೂ ಪಾಲಾದರು. ಊರಿನ ಹೊಲ, ಹಳೇ ಮನೆ ಅಣ್ಣನಿಗೆ. ನ್ಯಾಮತಿಯ ಸೈಟು, ಗಿರಣಿ ಇವರಿಗೆ. ಅಕ್ಕ ಇವರ ಜೊತೆ ಇರುವುದೆಂದಾಯಿತು. ಆಗ ನ್ಯಾಯಕ್ಕೆ ಕುಳಿತಿದ್ದ ಹಿರಿಯರೊಬ್ಬರು, ಹಳೇ ಮನೆಯಲ್ಲಿ ಅಕ್ಕ ಮಲಗುತ್ತಿದ್ದ ಕೋಣೆಯನ್ನು ಅಳತೆ ಮಾಡಿಸಿದರಂತೆ. ಒಳಗೆ ನೂರಿಪ್ಪತ್ತು ಚದರಡಿ ಬಂತು. "ನಾಳೆ ನೀನು ಎಂಥ ಮನೆ ಕಟ್ಟಿಸಿದ್ರೂ ಅಕ್ಕಂಗೆ ಇಷ್ಟು ಜಾಗ ಬಿಡ್ಬೇಕು" ಎಂದು ಎಲ್ಲರೆದುರು ಮಾತು ತೆಗೆದುಕೊಂಡರು. ಇವರು ಕೊಟ್ಟರು. ಕಾಗದ ಪತ್ರ ಏನೂ ಇಲ್ಲ, ಬರೀ ಮಾತು. ಇಂಥ ಮಾತನ್ನು ಮರೆಯುವವರನ್ನೇ ಹೆಚ್ಚಾಗಿ ನೋಡಿದ್ದ ನನಗೆ, ಇವರು ಇನ್ನೂ ಅದನ್ನು ಹೊತ್ತುಕೊಂಡು ತಿರುಗುತ್ತಿದ್ದುದು ಕಂಡು ಗೌರವ ಬಂತು.

ಆದರೆ ಜಾಗದ ಇಕ್ಕಟ್ಟು ಬೇರೆ. ಮನೆಯ ಒಳ ಅಳತೆಯನ್ನು ಆಯ ನೋಡುವವರು ಆಗಲೇ ಹೇಳಿಬಿಟ್ಟಿದ್ದರು. ನಮ್ಮ ಕಡೆ ಆಯ ನೋಡಿಸದೆ ಪಾಯಕ್ಕೆ ಗುದ್ದಲಿ ಹಾಕುವುದಿಲ್ಲ. ಉದ್ದ ಅಗಲ ಗುಣಿಸಿ, ಭಾಗಿಸಿ, ಉಳಿದ ಶೇಷ ನೋಡಿ, ಈ ಅಳತೆ ಮನೆಗೆ ಒಳ್ಳೆಯದು, ಈ ಅಳತೆ ಬೇಡ ಎಂದು ಹೇಳುತ್ತಾರೆ. ಅವರು ಹೇಳಿದ ಮೇಲೆ ಹೊರಗೋಡೆ ಒಂದಂಗುಲವೂ ಆಚೆ ಈಚೆ ಹೋಗುವಂತಿಲ್ಲ. ಅದರೊಳಗೆ ನಾನು ಹಾಲ್, ಅಡುಗೆಮನೆ, ದೇವರಮನೆ, ಬೆಡ್‌ರೂಮು, ಬಚ್ಚಲು, ಮೆಟ್ಟಿಲು ಎಲ್ಲವನ್ನೂ ಕೂರಿಸಬೇಕು. ಅಡುಗೆಮನೆ ಆಗ್ನೇಯ ಬಿಟ್ಟು ಕದಲುವುದಿಲ್ಲ. ಅಕ್ಕನ ಕೋಣೆಗೆ ಹಾಲ್‌ನ ಪಕ್ಕ, ಅಡುಗೆಮನೆಗೆ ಎದುರಾಗಿ ಒಂದು ಒಳ್ಳೆಯ ಜಾಗ ಕಂಡಿತು. ವಿಸ್ತೀರ್ಣ ನೂರಿಪ್ಪತ್ತು ಕೊಟ್ಟು, ಬದಿ ಹತ್ತು ಕೊಟ್ಟೆ. ಹತ್ತಕ್ಕೆ ಹನ್ನೆರಡು ಬಂತು, ಬಂದು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿತು. ಬದಿ ಹನ್ನೊಂದು ಕೊಟ್ಟೆ. ಈ ಸಲ ಅದು ಬೆಡ್‌ರೂಮನ್ನು ತಳ್ಳಿಕೊಂಡು ಹೋಯಿತು, ಅಲ್ಲಿ ಮಂಚ ಹಾಕಿದರೆ ಬೀರು ಇಡಲು ಜಾಗವಿಲ್ಲ. ಹತ್ತಕ್ಕೆ ಹನ್ನೊಂದು ಮಾಡಿದರೆ ಮಾತ್ರ ಎಲ್ಲವೂ ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು.

ಅದನ್ನೇ ತೋರಿಸಿದೆ. ಗಿರಣಿಯವರು ಮನಸ್ಸಿನಲ್ಲೇ ಗುಣಿಸಿದರು.

"ನೂರಾ ಹತ್ತು ಆಯ್ತಲ್ರಿ. ಹತ್ತಡಿ ಕಮ್ಮಿ ಬಿತ್ತು."

"ಹತ್ತಡಿಗೆ ಏನಾಗ್ತೈತೆ ಅಣ್ಣಾರೆ? ರೂಮು ಎಷ್ಟು ಚೆನ್ನಾಗೈತೆ ನೋಡ್ರಿ. ಎರಡು ಕಡೆ ಕಿಟಕಿ ಬರ್ತಾವೆ."

"ಚೆನ್ನಾಗೇನೋ ಐತ್ರಿ. ಮಾತು ಕೊಟ್ಟೀನಲ್ಲ." ಅವರ ದನಿಯಲ್ಲಿ ಜಗಳವೇನೂ ಇರಲಿಲ್ಲ. "ಗಿರಣಿಯಾಗೆ ಯಾರ ಹಿಟ್ಟೂ ನಾನು ಒಂದು ಮುಷ್ಟಿ ಕಮ್ಮಿ ಕೊಟ್ಟಿಲ್ಲ ಮೇಡಂ. ನಮ್ಮಕ್ಕಂಗೆ ಕಮ್ಮಿ ಕೊಡ್ಲಾ?"

ಅವರೇ ಎದ್ದು ಬಂದು, ಪರದೆಗೆ ಮುಟ್ಟದಂತೆ ಬೆರಳು ಹಿಡಿದು ಮನೆಯ ಒಂದು ಮಗ್ಗುಲನ್ನು ತೋರಿಸಿದರು. "ಈ ಪಕ್ಕದಾಗೆ ಮುಂದ್ಲಿಂದ ಹಿಂದಿನ ಗಂಟ ಉದ್ದಕ್ಕೆ ಬಿಡ್ರಿ. ಆಗ ಬರ್ತೈತೋ ಇಲ್ವೋ ನೋಡ್ರಿ." ಆ ಮಗ್ಗುಲಲ್ಲಿ ಸಿಗುವ ಉದ್ದ ಇಪ್ಪತ್ತನಾಲ್ಕಡಿ. ಕೊಟ್ಟೆ. ಸಾಫ್ಟ್‌ವೇರ್ ಎಂದಿನಂತೆ ಮರುಮಾತಿಲ್ಲದೆ ಐದಡಿ ಅಗಲದ ಕೋಣೆಯನ್ನು ಬರೆದುಕೊಟ್ಟಿತು. ವಿಸ್ತೀರ್ಣ ಎಷ್ಟು ಎಂದು ಮರಳಿ ಕೇಳಿದರೆ ನೂರಿಪ್ಪತ್ತು, ಅದರ ಮುಂದೆ ಬಿಂದು, ಬಿಂದುವಿನ ಮುಂದೆ ಎರಡು ಸೊನ್ನೆ. ಆ ಸೊನ್ನೆಗಳನ್ನು ನೋಡಿ ಗಿರಣಿಯವರ ಮುಖ ಅರಳಿತು.

"ಅಣ್ಣಾರೆ, ಇದು ರೂಮಲ್ಲ, ಬಸ್ಸು" ಎಂದೆ. "ಬಸ್ಸಿನಾಗಾದ್ರೂ ನಡುವೆ ಓಡಾಡಾಕೆ ಜಾಗ ಬಿಟ್ಟಿರ್ತಾರೆ."

"ಒಬ್ಬಾಕೆ ಇರಾಕೆ ಸಾಕು ಬಿಡ್ರಿ. ಮಂಚ ಉದ್ದುದ್ದ ಹಾಕ್ಕಂತಾಳೆ" ಎಂದು ನಕ್ಕರು. ಆಮೇಲೆ ತಾವು ಬಹಳ ದಿನದಿಂದ ಯೋಚಿಸಿಟ್ಟುಕೊಂಡಿದ್ದನ್ನು ಹೇಳಿದರು. "ಅಕ್ಕಂಗೆ ಅಂತ ಬೇರೆ ಬಾಗಿಲು ಇಡ್ರಿ, ಪಕ್ಕದ ರಸ್ತೆ ಕಡಿಗೆ. ಅವ್ಳು ಕೌದಿ ಹೊಲಿತಾಳೆ. ಹೊಲಿಸಾಕೆ ಬರೋರು ಸೀದಾ ಅವ್ಳ ಹತ್ರಾನೇ ಬರ್ಲಿ. ನಮ್ಮ ಮಕ್ಕಳ ಗದ್ದಲ, ಟೀವಿ ಗದ್ದಲ ಒಂದೂ ಇರಾಕಿಲ್ಲ. ಯಾರ ಹಂಗೂ ಇಲ್ದಂಗೆ ಇರ್ಬೇಕು ನಮ್ಮಕ್ಕ."

ಗೋಡೆಯ ಲೆಕ್ಕವನ್ನೂ ಹೇಳಿ ನೋಡಿದೆ. ಹತ್ತಕ್ಕೆ ಹನ್ನೊಂದರ ಕೋಣೆಯ ಸುತ್ತ ಗೋಡೆ ನಲವತ್ತೆರಡು ಅಡಿ, ಐದಕ್ಕೆ ಇಪ್ಪತ್ತನಾಲ್ಕರದಕ್ಕೆ ಐವತ್ತೆಂಟು. ಜಾಸ್ತಿ ಇಟ್ಟಿಗೆ ಸುರಿದು ಕೆಟ್ಟ ಕೋಣೆ ಕಟ್ಟಿಸುತ್ತಿದ್ದೀರಿ ಎಂದೆ. "ಇಟ್ಟಿಗೆ ಹೋದ್ರೆ ಹೋಗ್ಲಿ ಬಿಡ್ರಿ" ಎಂದರು. ಜಿಪುಣತನಕ್ಕೆ ಹೀಗೆ ಮಾಡುವವರಾಗಿದ್ದರೆ ನಾನು ನಾಲ್ಕು ಮಾತು ಆಡಿ ಕಳಿಸುತ್ತಿದ್ದೆ. ಇವರು ಕೊಡಬೇಕೆಂಬ ಹಟಕ್ಕೆ ಹೀಗೆ ಮಾಡುತ್ತಿದ್ದರು. ಅಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಬಹಳ ಕಷ್ಟ, ಆದರೂ ಸ್ವಲ್ಪ ಮಾಡಿಕೊಂಡೆ.

"ನಿಮ್ಮಕ್ಕಾರನ್ನ ಒಂದ್ಸಲ ಕರ್ಕೊಂಡು ಬರ್ರಿ. ಅವ್ರಿಗೆ ಏನು ಬೇಕೋ ಕೇಳನ" ಎಂದೆ.

"ಅವ್ಳು ಏನೂ ಕೇಳೋಳಲ್ಲ ಮೇಡಂ."

"ಕೇಳದಿದ್ರೆ ಬ್ಯಾಡ. ಗೆರೆ ಹಾಕಿಸೋ ದಿನ ಸೈಟಿಗಾದ್ರೂ ಬರ್ಬೇಕು. ಅವ್ರು ಬಂದು ಓಡಾಡದಿದ್ರೆ ನಾನು ಪಾಯ ತೆಗ್ಸೋದಿಲ್ಲ" ಎಂದು ಹಟ ಹಿಡಿದೆ. ಹಟದಲ್ಲಿ ನಾನೂ ಕಡಿಮೆಯವಳಲ್ಲ. ಅವರು ಒಪ್ಪಿಕೊಂಡು ಹೋದರು.

ಗೆರೆ ಹಾಕುವ ದಿನ ನಾನು ಹೊನ್ನಾಳಿಯಲ್ಲಿ ಒಂದು ಕೆಲಸ ಮುಗಿಸಿಕೊಂಡು ನ್ಯಾಮತಿಗೆ ಹೊರಟರೆ, ಸೂರಗೊಂಡನಕೊಪ್ಪಕ್ಕೆ ಹೋಗುವ ಯಾತ್ರಿಕರಿಂದ ಬಸ್ಸು ತುಂಬಿ ತುಳುಕುತ್ತಿತ್ತು. ನಿಂತೇ ಬಂದೆ. ಸೈಟು ಮುಟ್ಟುವ ಹೊತ್ತಿಗೆ ಮೇಸ್ತ್ರಿ ದಾರ ಕಟ್ಟಿ, ಸುಣ್ಣದ ಪುಡಿ ಸುರಿದು, ಬಾಗಿಲುಗಳ ಜಾಗ ಬಿಟ್ಟು ಎಲ್ಲ ಸಿದ್ಧ ಮಾಡಿದ್ದರು. ಗಿರಣಿಯವರು, ಅವರ ಹೆಂಡತಿ, ಅವರ ಅಕ್ಕ ಮೂವರೂ ಬಂದಿದ್ದರು.

ಅಕ್ಕನನ್ನು ನಾನು ಸೋತು ಸುಣ್ಣವಾದ ಹೆಂಗಸು ಎಂದು ಯಾಕೋ ಮನಸ್ಸಿನಲ್ಲೇ ಚಿತ್ರ ಮಾಡಿಕೊಂಡಿದ್ದೆ. ಅವರು ಹಾಗೇನೂ ಇರಲಿಲ್ಲ. ಎತ್ತರದ ಆಳು, ನಗುಮುಖ, ಕಂಕುಳಲ್ಲಿ ಒಂದು ದೊಡ್ಡ ಬಟ್ಟೆಯ ಗಂಟು. ಖಾಲಿ ಕೂತು ಗೊತ್ತಿಲ್ಲದ್ದಕ್ಕೆ ಅರ್ಧ ಹೊಲಿದ ಕೌದಿಯನ್ನು ಜೊತೆಗೇ ತಂದಿದ್ದರು. ಹಳೇ ಸೀರೆ, ಪಂಚೆಗಳನ್ನು ಒಂದರ ಮೇಲೊಂದು ಹಾಸಿ ಕೈಯಲ್ಲೇ ಒತ್ತಾಗಿ ಹೊಲಿಯುವ ಕೌದಿ ನನ್ನ ತವರಿನಲ್ಲೂ ಇದೆ, ನನ್ನ ಅವ್ವನೂ ಹೊಲಿಯುತ್ತಾಳೆ. ಗಂಟಿನ ಅಂಚಿನ ಹೊಲಿಗೆ ನೋಡಿ, ನಮ್ಮ ಜಗಳೂರು ಕಡೆಯೂ ಹೀಗೇ ಹೊಲಿಯುತ್ತಾರೆ ಎಂದೆ. ಜಗಳೂರು ಕಡೆಯವರು ಮೂಲೆಗೆ ತ್ರಿಕೋನದ ತುಂಡು ಹಾಕುತ್ತಾರಾ ಎಂದು ಅವರು ಕೇಳಿದರು, ಹಾಕುತ್ತಾರೆ ಎಂದೆ. ಅಷ್ಟಕ್ಕೇ ನಮ್ಮಿಬ್ಬರಿಗೂ ಗೆಳೆತನವಾಯಿತು.

ಗಿರಣಿಯವರ ಹೆಂಡತಿ ತಲೆಬಾಗಿಲ ಜಾಗದಲ್ಲಿ ಬಲಗಾಲಿಟ್ಟು ಒಳಗೆ ಬಂದರು. ಹಾಲ್‌ನಲ್ಲಿ ನಿಂತು, ಟೀವಿ ಇಲ್ಲಿ, ಸೋಫಾ ಅಲ್ಲಿ ಎಂದು ಗಂಡನಿಗೆ ಹೇಳತೊಡಗಿದರು. ಹಾಲ್ ಅಗಲ ಕಡಿಮೆಯಾಯಿತಲ್ಲ ಎಂದು ಒಂದು ಸಲ ಅಂದರು, ಗಂಡ ಅಕ್ಕನ ಕಡೆ ಕಣ್ಣು ಮಾಡಿದ್ದೇ ಸುಮ್ಮನಾದರು. ಅವರ ಆ ಸುಮ್ಮನಾಗುವಿಕೆಯಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ, ಮುಜುಗರವಿತ್ತು. ಅಕ್ಕ ಮಾತ್ರ ಒಳಗೆ ಬರಲಿಲ್ಲ. ರಸ್ತೆಯಲ್ಲೇ ನಡೆದು, ಮೂಲೆ ತಿರುಗಿ, ಪಕ್ಕದ ರಸ್ತೆಗೆ ಬಿಟ್ಟಿದ್ದ ತಮ್ಮ ಬಾಗಿಲ ಜಾಗದಿಂದ ತಮ್ಮ ಕೋಣೆಗೆ ಹೋದರು. ಅಲ್ಲಿಂದ ಹಿಂದಿನ ಗೋಡೆಯ ತನಕ ನಡೆದರು, ತಿರುಗಿ ಬಂದರು. ಆಮೇಲೆ ಕುಳಿತು ಕೌದಿ ಬಿಚ್ಚಿದರು.

ಇಬ್ಬರು ಹೊದೆಯುವಂಥ ಕೌದಿ ಅದು. ಹಾಸಿದರೆ ಒಂದು ಅಂಚು ಸುಣ್ಣದ ಗೆರೆ ದಾಟಿ ತಮ್ಮನ ಹಾಲ್‌ನೊಳಗೆ ಬಿತ್ತು. ತಿರುಗಿಸಿ ಹಾಸಿದರು, ಆಗಲೂ ಬಿತ್ತು. ಇನ್ನು ಅದರ ಪಕ್ಕ ಕೂರುವುದೆಲ್ಲಿ. ಕೌದಿ ಹೊಲಿಯುವವರು ಅದರ ಸುತ್ತ ಸರಿಯುತ್ತಾ ಅಂಚಿನಿಂದ ನಡುವಿಗೆ ಬರಬೇಕು. ಅಕ್ಕ ಗೆರೆ ದಾಟಿದ ಅಂಚನ್ನು ಎತ್ತಿ, ಸುಣ್ಣ ಕೊಡವಿ, ಒಳಗೆ ಮಡಚಿಕೊಂಡರು.

"ಸಾಕಾಗ್ತೈತಾ ಯಕ್ಕಾ?" ಎಂದರು ಗಿರಣಿಯವರು ಹಾಲ್‌ನಿಂದ.

"ಹೂನಪ್ಪ. ಮಡಚ್ಕೊಂಡು ಹೊಲಿತೀನಿ."

ನನ್ನ ನಾಲಿಗೆ ತುದಿಗೆ ಮಾತು ಬಂದಿತ್ತು. ಅಷ್ಟರಲ್ಲಿ ಗಿರಣಿಯವರ ಹೆಂಡತಿ ಫ್ಲಾಸ್ಕಿನಿಂದ ಟೀ ಬಗ್ಗಿಸಿ ನನಗೆ, ಮೇಸ್ತ್ರಿಗೆ, ಗಂಡನಿಗೆ ಕೊಟ್ಟು, ಇನ್ನೊಂದು ಲೋಟ ಹಿಡಿದು ಹಾಲ್‌ನ ಅಂಚಿಗೆ ಹೋದರು. ಅಕ್ಕ ಕುಳಿತಿದ್ದುದು ಗೆರೆಯಾಚೆ ಎರಡೇ ಹೆಜ್ಜೆ ದೂರದಲ್ಲಿ. ಬಗ್ಗಿ, ಗೆರೆಯ ಮೇಲಿಂದ ಕೈ ಚಾಚಿದರು.

"ಅಕ್ಕಾರೆ, ತಗಳ್ರಿ."

ಅಕ್ಕ ತಲೆ ಎತ್ತಿ ನೋಡಿ ನಕ್ಕರು. "ಅಲ್ಲಿ ಗೋಡೆ ಐತಲ್ಲವ್ವಾ. ಗೋಡೆ ತೂರಿ ಹೆಂಗೆ ಕೊಡ್ತೀಯ? ಸುತ್ತು ಹಾಕ್ಕೊಂಡು ಬಾ."

ನಾವೆಲ್ಲ ನಕ್ಕೆವು. ಆಕೆಯೂ ನಗುತ್ತಾ, ಆಟಕ್ಕೆ ಆಟ ಎಂಬಂತೆ, ಲೋಟ ಹಿಡಿದುಕೊಂಡು ತಲೆಬಾಗಿಲಿನಿಂದ ಹೊರಗೆ ಹೋದರು. ರಸ್ತೆಗೆ ಇಳಿದರು. ಒಂದು ಟ್ರ್ಯಾಕ್ಟರು ಬರುತ್ತಿತ್ತು, ಅದು ಹೋಗುವ ತನಕ ಸೆರಗು ಲೋಟದ ಮೇಲೆ ಹಿಡಿದು ನಿಂತರು. ಮೂಲೆ ತಿರುಗಿದರು. ಅಕ್ಕನ ಬಾಗಿಲ ಜಾಗಕ್ಕೆ ಬರುವ ಹೊತ್ತಿಗೆ ಅವರ ಮುಖದಲ್ಲಿ ನಗು ಇರಲಿಲ್ಲ. ಒಳಗೆ ಬರಲೂ ಇಲ್ಲ. ಬಾಗಿಲು ತಟ್ಟಬೇಕೋ ಬೇಡವೋ ತಿಳಿಯದವರ ಹಾಗೆ ರಸ್ತೆಯಲ್ಲೇ ನಿಂತು, ಅಕ್ಕನನ್ನು ಬಿಟ್ಟು ಹಾಲ್‌ನಲ್ಲಿದ್ದ ಗಂಡನ ಕಡೆ ನೋಡಿದರು.

"ಏನ್ರಿ ಇದು. ಅಕ್ಕಾರಿಗೆ ಒಂದು ಲೋಟ ಟೀ ಕೊಡಾಕೆ ನಾನು ದಿನಾ ಹಿಂಗೆ ಬೀದಿ ಸುತ್ಕೊಂಡು ಬರ್ಬೇಕಾ?"

ಮೇಸ್ತ್ರಿ ದಾರ ಸುತ್ತುವುದನ್ನು ನಿಲ್ಲಿಸಿದರು. ಗಿರಣಿಯವರು ಹೆಂಡತಿಯನ್ನು ನೋಡಿದರು, ಅಕ್ಕನನ್ನು ನೋಡಿದರು, ನಡುವಿನ ಇಪ್ಪತ್ತನಾಲ್ಕಡಿ ಗೆರೆಯನ್ನು ನೋಡಿದರು. ಆ ಗೆರೆಯಲ್ಲಿ ಎಲ್ಲೂ ಬಾಗಿಲು ಬಿಟ್ಟಿರಲಿಲ್ಲ. ನಕ್ಷೆಯಲ್ಲಿ ಅದನ್ನು ಎಷ್ಟೋ ಸಲ ನೋಡಿದ್ದರು, ಹೆಬ್ಬೆರಳಿನಲ್ಲಿ ಸವರಿಯೂ ಇದ್ದರು.

"ಯಕ್ಕಾ," ಎಂದರು ಕೊನೆಗೆ, "ನಿಂಗೆ ಆ ಬಾಗ್ಲು ಬ್ಯಾಡಾಗಿತ್ತಾ?"

ಅಕ್ಕ ಕೌದಿಯ ಮೇಲೆ ಕೈಯಾಡಿಸುತ್ತಿದ್ದರು. "ನೀನು ಇಷ್ಟು ಆಸೆ ಪಟ್ಟು ಮಾಡಿಸ್ತಾ ಇದ್ದೀಯ. ಬ್ಯಾಡ ಅಂತ ಹೆಂಗನ್ಲಿ ತಮ್ಮಾ."

"ಅಂದಿದ್ರೆ ಆಗ್ತಿತ್ತು."

"ಒಂದೇ ಒಂದು ಯೋಚ್ನೆ ಆಗಿತ್ತು ನಂಗೆ." ಅವರು ತಲೆ ಎತ್ತಲಿಲ್ಲ. "ಅವ್ವ ಹೋದಾಗ್ಲಿಂದ ನಮ್ಮ ಮನಿ ಹೊಸ್ತಿಲು ದಿನಾ ನಾನೇ ತೊಳ್ದು ರಂಗೋಲಿ ಹಾಕ್ತಾ ಬಂದೀನಿ. ಈ ಮನಿಗೆ ಬಂದ್ಮೇಲೆ ಮುಂಜಾನೆ ಎದ್ದು ಯಾವ ಹೊಸ್ತಿಲಿಗೆ ನೀರು ಹಾಕ್ಲಿ ಅಂತ. ನಂದಕ್ಕೆ ಹಾಕಿ ಒಳಗೆ ಹೋಗೋದಾ, ಇಲ್ಲ ಬೀದಿಯಾಗೆ ಬಂದು ನಿಮ್ದಕ್ಕೂ ಹಾಕೋದಾ. ಬೀದಿಯಾಗಿಂದ ಬಂದು ಹಾಕಿ ಹೋದ್ರೆ ಕೆಲಸಕ್ಕೆ ಬರೋರ ಹಂಗೆ ಆಗ್ತೈತಲ್ಲ."

ಗಿರಣಿಯವರು ಅಲ್ಲೇ ಹಾಲ್‌ನ ಮಣ್ಣಿನ ಮೇಲೆ ಕುಕ್ಕರಗಾಲಲ್ಲಿ ಕುಳಿತುಬಿಟ್ಟರು. ನಾನು ಅಗಲ ಸಾಲದು, ಮಂಚ ಹಿಡಿಯದು ಎಂದು ವಾದ ಮಾಡುತ್ತಾ ಕೂತಿದ್ದೆ. ಆ ಹೆಂಗಸಿನ ಮನಸ್ಸಿನಲ್ಲಿ ಅಗಲವೂ ಇರಲಿಲ್ಲ, ಉದ್ದವೂ ಇರಲಿಲ್ಲ. ತಾನು ಈ ಮನೆಯವಳೋ, ಪಕ್ಕದ ಮನೆಯವಳೋ ಎನ್ನುವುದೊಂದೇ ಇತ್ತು. ಟೀ ತಂದಾಕೆ ಒಳಗೆ ಬಂದು ಅಕ್ಕನ ಪಕ್ಕ ಕುಳಿತು ಲೋಟ ಕೈಗಿಟ್ಟರು. ಟೀ ಆರಿಹೋಗಿತ್ತು, ಆದರೂ ಅಕ್ಕ ಕುಡಿದರು.

ಸ್ವಲ್ಪ ಹೊತ್ತಾದ ಮೇಲೆ ನಾನು ಮೇಸ್ತ್ರಿಗೆ ಹೇಳಿ ಆ ಉದ್ದನೆಯ ಗೆರೆಯನ್ನು ಅಳಿಸಿದೆ. ಸುಣ್ಣದ ಗೆರೆ ಅಳಿಸಲು ಪೊರಕೆ ಬೇಡ, ಕಾಲು ಸಾಕು. ಗಿರಣಿಯವರೂ ಎದ್ದು ಬಂದು ಕಾಲಿನಲ್ಲೇ ಉಜ್ಜತೊಡಗಿದರು. ಅಡುಗೆಮನೆಯ ಎದುರು ಹತ್ತಕ್ಕೆ ಹನ್ನೊಂದರ ಗೆರೆ ಹಾಕಿಸಿ, ಹಾಲ್ ಕಡೆಗೆ ಬಾಗಿಲು ಬಿಡಿಸಿದೆ. ಅಕ್ಕ ಕೌದಿ ಹಾಸಿದರು. ನಾಲ್ಕೂ ಕಡೆ ಜಾಗ ಉಳಿಯಿತು. ಒಂದು ಸುತ್ತು ಸರಿದು, ಅಡುಗೆಮನೆಯ ಗೆರೆಯೊಳಗೆ ನಿಂತಿದ್ದ ತಮ್ಮನ ಹೆಂಡತಿಗೆ, "ಇಲ್ಲಿಂದ ಒಗ್ಗರಣಿ ವಾಸ್ನಿ ಬರ್ತೈತಿ ನೋಡು" ಎಂದರು. ಅಗಲವಾದ ಹಾಲ್ ನೋಡಿ ಆಕೆಗೂ ಖುಷಿಯಾಗಿತ್ತು, ಬಾಯಿಬಿಟ್ಟು ಹೇಳಲಿಲ್ಲ.

ಗಿರಣಿಯವರಿಗೆ ಮಾತ್ರ ಸಮಾಧಾನವಿಲ್ಲ. ನನ್ನ ಚೀಲದಲ್ಲಿದ್ದ ಲ್ಯಾಪ್‌ಟಾಪ್ ತೆಗೆಸಿದರು. ಇಟ್ಟಿಗೆ ರಾಶಿಯ ಮೇಲೆ ಇಟ್ಟುಕೊಂಡು ಮತ್ತೆ ವಿಸ್ತೀರ್ಣ ಕೊಟ್ಟೆ, ಬದಿ ಬದಲಾಯಿಸಿ ಬದಲಾಯಿಸಿ ನೋಡಿದೆ. ಹತ್ತೂವರೆ ಕೊಟ್ಟರೆ ದೇವರಮನೆಗೆ ತಾಗಿತು, ಒಂಬತ್ತೂವರೆ ಕೊಟ್ಟರೆ ಮತ್ತೆ ಅಡುಗೆಮನೆಯ ಬಾಗಿಲು. ಪರದೆಯಲ್ಲಿ ಎಲ್ಲಕ್ಕೂ ಉತ್ತರ ಬರುತ್ತಿತ್ತು, ನೆಲದ ಮೇಲೆ ಯಾವುದೂ ಕೂರುತ್ತಿರಲಿಲ್ಲ.

"ಹತ್ತಡಿ ಕಮ್ಮಿನೇ ಅಂದಂಗಾಯ್ತು" ಎಂದರು. "ಹಿರೇರು ಕೇಳಿದ್ರೆ ನಾನು ಏನು ಹೇಳ್ಲಿ?"

"ಅವ್ರಿಗೆ ನಾನು ಹೇಳ್ತೀನಿ, ನೀನು ಸುಮ್ನಿರು" ಎಂದರು ಅಕ್ಕ.

ತಲೆಬಾಗಿಲ ಚೌಕಟ್ಟು ನಿಲ್ಲಿಸುವ ಪೂಜೆಗೆ ನನ್ನನ್ನೂ ಕರೆದಿದ್ದರು. ಅಷ್ಟೊತ್ತಿಗೆ ಗೋಡೆಗಳು ಎದೆಮಟ್ಟ ಎದ್ದಿದ್ದವು. ಆ ದಿನ ಹಿರಿಯರೂ ಬಂದರು. ಬಿಳಿ ಪಂಚೆ, ಕೈಯಲ್ಲಿ ಕೋಲು, ವಯಸ್ಸಾಗಿದ್ದರೂ ಕಣ್ಣು ಚುರುಕು. ಪೂಜೆ ಶುರುವಾಗುವ ಮೊದಲೇ ಒಳಗೆಲ್ಲ ಒಂದು ಸುತ್ತು ಹಾಕಿ, ಅಕ್ಕನ ಕೋಣೆಯಲ್ಲಿ ನಿಂತು, ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೆಜ್ಜೆ ಹಾಕಿದರು. ಆಮೇಲೆ ಹೊರಗೆ ಬಂದು ನನ್ನನ್ನು ಕೇಳಿದರು.

"ಏನವ್ವಾ ಇಂಜಿನಿಯರ್ರೆ, ಇದು ನೂರಿಪ್ಪತ್ತು ಐತಾ?"

ನಾನು ಗಿರಣಿಯವರ ಮುಖ ನೋಡಿದೆ. ಅವರು ಕೈಯಲ್ಲಿ ತೆಂಗಿನಕಾಯಿ ಹಿಡಿದು ನಿಂತಿದ್ದರು. ಸುಳ್ಳು ಹೇಳುವ ಜನ ಅಲ್ಲ. "ಇಲ್ರಿ ಅಜ್ಜಾರೆ, ಹತ್ತಡಿ..." ಎಂದು ಶುರು ಮಾಡಿ, ತೆಂಗಿನಕಾಯಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ಬಂದಿದ್ದ ನೆಂಟರೆಲ್ಲ ಇತ್ತ ತಿರುಗಿದರು.

ಅಕ್ಕ ಚೌಕಟ್ಟಿಗೆ ಅರಿಶಿನ ಹಚ್ಚುತ್ತಿದ್ದವರು ಹಾಗೇ ಹಳದಿ ಕೈಯಲ್ಲೇ ಎದ್ದು ಬಂದು ತಮ್ಮನ ಪಕ್ಕ ನಿಂತರು.

"ಎಲ್ಲಾ ಸರಿಯಾಗೇ ಐತ್ರಿ ಅಜ್ಜಾರೆ," ಎಂದರು. "ನನ್ನ ಉಳಿದ ಹತ್ತಡಿ ಹಾಲ್‌ನಾಗೆ ಐತೆ. ಎಲ್ಲಾರ ಕೂಡೆ ಕುಂದ್ರಾಕೆ ಅಂತ ನಾನೇ ಅಲ್ಲಿ ಇಟ್ಟೀನಿ."